ಬೆಂಚ್ ಪ್ರೆಸ್‌ನ ನಾಲ್ಕು ವಿಧಾನಗಳು: ಭಾರವೂ ಏರಬೇಕು, ಭುಜವೂ ಉಳಿಯಬೇಕು

ಕಾಸರಗೋಡು ಜಿಲ್ಲೆಯ ಬದಿಯಡ್ಕ, ಪೆರ್ಲದ ಕಡೆಯ ಜಿಮ್‌ಗಳಿಗೆ ಸಂಜೆ ಬರುವ ಹುಡುಗರಲ್ಲಿ ಅನೇಕರು ಹಗಲಲ್ಲಿ ಅಡಿಕೆ ತೋಟದಲ್ಲಿ ದೋಟಿ (ಗೊನೆ ಕೊಯ್ಯುವ ಉದ್ದನೆಯ ಕೋಲು) ಹಿಡಿದವರೇ ಆಗಿರುತ್ತಾರೆ. ಕಾರ್ಬನ್ ಫೈಬರಿನ ದೋಟಿ ಎಷ್ಟೇ ಹಗುರವಾಗಿದ್ದರೂ ತಲೆಯ ಮೇಲೆ ಕೈಯೆತ್ತಿ ಗೊನೆ ಎಳೆಯುವ ಕೆಲಸವೆಲ್ಲ ಭುಜದ ಕೀಲಿನ ಮೇಲೆಯೇ ಬೀಳುತ್ತದೆ. ಆದ್ದರಿಂದ ಬೆಂಚ್ ಪ್ರೆಸ್‌ನ, ಅಂದರೆ ಅಂಗಾತ ಮಲಗಿ ಎದೆಯ ಮೇಲಿಂದ ಭಾರವನ್ನು ಮೇಲಕ್ಕೆ ತಳ್ಳುವ ವ್ಯಾಯಾಮದ, ವಿಧಾನಗಳನ್ನು ನಾನು ಎರಡು ಅಳತೆಗಳಿಂದ ಹೋಲಿಸಿದ್ದೇನೆ: ಎತ್ತುವ ಭಾರ ಏರುತ್ತದೆಯೇ, ಮರುದಿನ ಬೆಳಗ್ಗೆ ನೋವಿಲ್ಲದೆ ಕೈ ಮೇಲೇಳುತ್ತದೆಯೇ.

ಅನೇಕರು ಮೊದಲು ಕಲಿಯುವುದು ಅಗಲ ಹಿಡಿತವನ್ನು. ಪವರ್‌ಲಿಫ್ಟಿಂಗ್ ಸ್ಪರ್ಧೆಯ ಬಾರಿನ (ತುದಿಗಳಿಗೆ ತೂಕದ ಪ್ಲೇಟ್ ಹಾಕುವ ಸರಳಿನ) ಮೇಲೆ ಕಾಣುವ ಎರಡು ಗುರುತುಗಳ ನಡುವಿನ ಅಂತರ 81 ಸೆಂ.ಮೀ.; ಸ್ಪರ್ಧೆಯಲ್ಲಿ ತೋರುಬೆರಳುಗಳು ಅದಕ್ಕಿಂತ ಹೊರಗೆ ಹೋಗುವಂತಿಲ್ಲ. ಅಷ್ಟು ಅಗಲಕ್ಕೆ ಹಿಡಿದರೆ ಬಾರ್ ಸಾಗಬೇಕಾದ ದೂರ ಕಡಿಮೆಯಾಗುವುದರಿಂದ ಹೆಚ್ಚು ಭಾರ ಎತ್ತಬಹುದು ಎಂಬುದು ನಿಜ. ಆದರೆ ಮೊಣಕೈಗಳು ಪಕ್ಕೆಯಿಂದ 90 ಡಿಗ್ರಿಗೆ ತೆರೆದುಕೊಂಡು ಬಾರ್ ಎದೆಯನ್ನು ಮುಟ್ಟುವ ಹೊತ್ತಿನಲ್ಲಿ ತೋಳಿನ ಮೂಳೆಯ ತಲೆ ಮುಂದಕ್ಕೆ ಒತ್ತಲ್ಪಡುತ್ತದೆ. ಭುಜದ ಮುಂಭಾಗದ ಸ್ನಾಯುರಜ್ಜುಗಳೂ ಕಾಲರ್ ಬೋನಿನ ಹೊರತುದಿಯ ಕೀಲೂ ಆ ಒತ್ತಡವನ್ನು ತಾಳಬೇಕಾಗುತ್ತದೆ. ಆ ಮೂಳೆತುದಿ ಕ್ರಮೇಣ ಸವೆಯುವ ತೊಂದರೆ ಭಾರ ಎತ್ತುವವರಲ್ಲಿ ವೈದ್ಯರಿಗೆ ಚೆನ್ನಾಗಿ ಪರಿಚಿತ. ನನಗೆ ನೋವು ಕಾಣಿಸಿಕೊಂಡದ್ದು ಭುಜದ ಮುಂದೆ, ಎರಡು ಬೆರಳು ಊರುವಷ್ಟು ಜಾಗದಲ್ಲಿ. ಎತ್ತುವಾಗ ಅದು ಅಷ್ಟಾಗಿ ತಿಳಿಯುತ್ತಿರಲಿಲ್ಲ. ಮರುದಿನ ಅಂಗಿಯ ತೋಳಿಗೆ ಕೈ ತೂರಿಸುವಾಗ ಚುಚ್ಚುತ್ತಿತ್ತು.

ಮಧ್ಯಮ ಹಿಡಿತದಲ್ಲಿ ಕೈಗಳ ನಡುವೆ ಭುಜದ ಅಗಲದ ಸುಮಾರು ಒಂದೂವರೆ ಪಟ್ಟು ಅಂತರವಿದ್ದರೆ ಸಾಕು. ಬೆಂಚಿನಲ್ಲಿ ಮಲಗಿದ ಕೂಡಲೇ ಬೆನ್ನಿನ ಎರಡೂ ಹಲಗೆ ಮೂಳೆಗಳನ್ನು ಹಿಂದಕ್ಕೂ ಸೊಂಟದ ಕಡೆಗೂ ಬಿಗಿದು, ಮೊಣಕೈಗಳನ್ನು ಪಕ್ಕೆಯಿಂದ 45ರಿಂದ 60 ಡಿಗ್ರಿಯೊಳಗೆ ಇರಿಸಿ, ಬಾರನ್ನು ಎದೆಯ ಕೆಳಭಾಗಕ್ಕೆ ಇಳಿಸಿ, ಅಲ್ಲಿಂದ ತುಸು ಹಿಂದಕ್ಕೆ, ಭುಜದ ನೇರಕ್ಕೆ ಬರುವಂತೆ ಮೇಲೆತ್ತಬೇಕು. ಹಿಡಿತ ಬದಲಿಸಿದ ಆರಂಭದಲ್ಲಿ ನನ್ನ ಭಾರ ಇಳಿಯಿತು, ಏಕೆಂದರೆ ಇಲ್ಲಿ ಎದೆಯ ಜತೆಗೆ ತೋಳಿನ ಹಿಂಭಾಗದ ಸ್ನಾಯುವಾದ ಟ್ರೈಸೆಪ್ಸ್ ಹೆಚ್ಚು ದುಡಿಯಬೇಕಾಗುತ್ತದೆ. ಬಾರಿನ ಎರಡೂ ಕಡೆಗೆ 1.25 ಕೆ.ಜಿ.ಯ ಸಣ್ಣ ಪ್ಲೇಟ್‌ಗಳನ್ನು ಸೇರಿಸುತ್ತಾ ಅವಸರವಿಲ್ಲದೆ ಮುಂದುವರಿದಾಗ ಹಳೆಯ ಭಾರವನ್ನು ದಾಟಿದೆ. ಅಂಗಿ ತೊಡುವಾಗಿನ ಆ ಚುಚ್ಚು ಮರಳಲಿಲ್ಲ. ನಮ್ಮಲ್ಲಿ ಅನೇಕ ಜಿಮ್‌ಗಳಲ್ಲಿ ಈ ಸಣ್ಣ ಪ್ಲೇಟ್‌ಗಳೇ ಇರುವುದಿಲ್ಲ. ಒಮ್ಮೆಗೇ 10 ಕೆ.ಜಿ. ಏರಿಸಿ ಭುಜ ಕೆಡಿಸಿಕೊಳ್ಳುವುದಕ್ಕಿಂತ ಸ್ವಂತ ಹಣದಿಂದ ಒಂದು ಜೋಡಿ ಕೊಂಡು ಚೀಲದಲ್ಲಿ ಒಯ್ಯುವುದು ಮೇಲು.

ಡಂಬೆಲ್ ಪ್ರೆಸ್ ಭುಜಕ್ಕೆ ಇನ್ನೂ ಸೌಮ್ಯ. ಅಂಗೈಗಳು ಪರಸ್ಪರ ಎದುರಾಗುವಂತೆ ಹಿಡಿಯಬಹುದಾದ್ದರಿಂದ ಪ್ರತಿಯೊಂದು ಕೈಯೂ ತನಗೆ ಒಗ್ಗುವ ದಾರಿಯಲ್ಲಿ ಚಲಿಸುತ್ತದೆ; ಎಡ–ಬಲ ಕೈಗಳ ನಡುವೆ ಬಲದ ವ್ಯತ್ಯಾಸವಿದ್ದರೆ ಅದೂ ತಕ್ಷಣ ತಿಳಿಯುತ್ತದೆ. ಎದೆ ಬೆಳೆಸುವುದಕ್ಕೆ ಇದು ಬಾರಿಗೆ ಯಾವ ರೀತಿಯಲ್ಲೂ ಕಡಿಮೆಯಲ್ಲ. ಆದರೆ ದೇಹ ಯಾವ ಚಲನೆಯನ್ನು ಅಭ್ಯಾಸ ಮಾಡುತ್ತದೆಯೋ ಅದರಲ್ಲಿಯೇ ಹೆಚ್ಚು ಬಲಗೊಳ್ಳುವುದರಿಂದ, ಬಾರಿನ ಭಾರ ಏರಿಸಬೇಕೆನ್ನುವವರು ಡಂಬೆಲ್ ಒಂದನ್ನೇ ನಂಬುವಂತಿಲ್ಲ. ಹೆಚ್ಚು ತೂಕದ ಡಂಬೆಲ್‌ಗಳನ್ನು ನೆಲದಿಂದ ಎದೆಯ ಮಟ್ಟಕ್ಕೆ ತರುವುದೇ ಭುಜಕ್ಕೆ ಅಪಾಯಕರವಾದೀತು. ತೊಡೆಯ ಮೇಲೆ ನಿಲ್ಲಿಸಿಕೊಂಡು ಮೊಣಕಾಲಿನಿಂದ ತಳ್ಳುತ್ತಾ ಮಲಗುವುದನ್ನು ಮೊದಲು ಕಲಿಯಬೇಕು.

ನೆಲದಲ್ಲಿ ಮಲಗಿ ಮಾಡುವ ಫ್ಲೋರ್ ಪ್ರೆಸ್‌ನಲ್ಲಿ ಮೊಣಕೈ ನೆಲಕ್ಕೆ ತಾಗಿ ನಿಲ್ಲುವುದರಿಂದ ಭುಜ ಹೆಚ್ಚು ಹಿಂದಕ್ಕೆ ಚಾಚುವುದಿಲ್ಲ. ಭುಜ ಮುನಿಸಿಕೊಂಡಿರುವ ದಿನಗಳಿಗೆ ಇದು ಒಳ್ಳೆಯ ಆಸರೆ. ಎದೆಗೆ ಪೂರ್ಣ ಚಲನೆ ಸಿಗದ ಕಾರಣ ಮುಖ್ಯ ವ್ಯಾಯಾಮವಾಗಲಾರದು.

ನನ್ನ ಆಯ್ಕೆ ಮಧ್ಯಮ ಹಿಡಿತದ ಬಾರ್. ಅದನ್ನು ವಾರದ ಒಂದು ದಿನ ಮೂರರಿಂದ ಆರು ಬಾರಿಯ ಭಾರದ ಸೆಟ್‌ಗಳಲ್ಲಿ (ಸೆಟ್ ಎಂದರೆ ಬಿಡುವಿಲ್ಲದೆ ಮಾಡುವ ಒಂದು ಸುತ್ತು) ಮಾಡಿ, ಇನ್ನೊಂದು ದಿನ ಡಂಬೆಲ್ಲಿನಲ್ಲಿ ಎಂಟರಿಂದ ಹನ್ನೆರಡು ಬಾರಿ ಮಾಡುತ್ತೇನೆ. ತಳ್ಳುವ ಪ್ರತಿ ಸೆಟ್ಟಿಗೂ ಎಳೆಯುವ ಒಂದು ಸೆಟ್ ಇರಲೇಬೇಕೆಂಬುದು ನನ್ನ ಗಟ್ಟಿ ಅಭಿಪ್ರಾಯ. ರೋಯಿಂಗ್ (ಭಾರವನ್ನು ಹೊಟ್ಟೆಯತ್ತ ಎಳೆಯುವುದು), ಫೇಸ್ ಪುಲ್ (ಹಗ್ಗವನ್ನು ಮುಖದತ್ತ ಎಳೆಯುವುದು), ಮೊಣಕೈಯನ್ನು ಪಕ್ಕೆಗೆ ಒತ್ತಿಟ್ಟು ರಬ್ಬರ್ ಬ್ಯಾಂಡನ್ನು ಹೊರಕ್ಕೆ ಎಳೆಯುವುದು, ಇವು ಬೆನ್ನಿನ ಮೇಲ್ಭಾಗವನ್ನೂ ಭುಜದ ಕೀಲನ್ನು ಸುತ್ತಿ ಹಿಡಿದಿರುವ ರೊಟೇಟರ್ ಕಫ್‌ನ ಹಿಂಭಾಗದ ಸ್ನಾಯುಗಳನ್ನೂ ಗಟ್ಟಿಗೊಳಿಸುತ್ತವೆ. ಕೊಯ್ಲಿನ ದಿನಗಳಲ್ಲಿ ದೋಟಿಯ ದುಡಿಮೆಯೇ ಸಾಕಷ್ಟಿರುವುದರಿಂದ ಆಗ ಬಾರಿನ ಸೆಟ್‌ಗಳನ್ನು ಅರ್ಧಕ್ಕೆ ಇಳಿಸಿ, ಭಾರವನ್ನು ಇದ್ದಷ್ಟೇ ಉಳಿಸಿಕೊಳ್ಳುತ್ತೇನೆ. ರಾತ್ರಿ ಆ ಮಗ್ಗುಲಿಗೆ ಮಲಗಲಾಗದಷ್ಟು ನೋವಿದ್ದರೆ, ಅಥವಾ ಕೈ ಎತ್ತುವಾಗ ಬಲವೇ ಸೋತಂತಾದರೆ, ಹಿಡಿತ ಬದಲಿಸಿ ನೋಡುತ್ತಾ ಕೂರದೆ ಮೂಳೆ ವೈದ್ಯರನ್ನು ಕಾಣಬೇಕು.