ಸ್ವಿಚ್ ಆಫ್ ಇದ್ದರೂ ಶಾಕ್ ಹೊಡೆದ ಟೇಬಲ್ ಲ್ಯಾಂಪ್: ಹೋಲ್ಡರ್ ಬದಲಿಸುವವರು ಓದಿ

ಮಡಿಕೇರಿ ಹತ್ತಿರದ ಒಂದು ಮನೆಯಲ್ಲಿ ಈ ಮಳೆಗಾಲ ನಡೆದದ್ದು. ಹಳೇ ಹಿತ್ತಾಳೆ ಟೇಬಲ್ ಲ್ಯಾಂಪಿನ ಪಿನ್ ಹೋಲ್ಡರ್ ಸುಟ್ಟುಹೋಗಿತ್ತು. ರಿಪೇರಿಗೆ ಕೊಟ್ಟಾಗ ಅದರ ಬದಲು ಸ್ಕ್ರೂ ಹೋಲ್ಡರ್ ಹಾಕಿಕೊಟ್ಟರು. ಬಲ್ಬ್ ಚೆನ್ನಾಗಿಯೇ ಉರಿಯಿತು. ಆಮೇಲೊಂದು ದಿನ ವೈರಿನ ಮೇಲಿನ ಸ್ವಿಚ್ ಆಫ್ ಮಾಡಿ ಬಲ್ಬ್ ಬಿಚ್ಚುವಾಗ ಅದರ ಥ್ರೆಡ್ಡಿಗೆ ಬೆರಳು ತಾಗಿ ಶಾಕ್ ಹೊಡೆಯಿತು. ಬರಿಗಾಲು, ತೇವ ಹಿಡಿದ ನೆಲ. ಜೀವ ಉಳಿದದ್ದೇ ದೊಡ್ಡದು.

ಪಿನ್ ಹೋಲ್ಡರಿನಲ್ಲಿ ಯಾವ ವೈರ್ ಯಾವ ಪಿನ್ನಿಗೆ ಹೋದರೂ ವ್ಯತ್ಯಾಸವಿಲ್ಲ. ಸ್ಕ್ರೂ ಹೋಲ್ಡರ್ ಹಾಗಲ್ಲ. ಕರೆಂಟ್ ತರುವ ಫೇಸ್ ವೈರ್ ಹೋಲ್ಡರಿನ ತಳದ ನಡುವಿನ ನಾಲಿಗೆಗೇ ಹೋಗಬೇಕು, ಸುತ್ತಲಿನ ಥ್ರೆಡ್ ಬಳೆಗೆ ಕರೆಂಟ್ ವಾಪಸ್ ಹೋಗುವ ನ್ಯೂಟ್ರಲ್. ಈ ಲ್ಯಾಂಪಿಗಿದ್ದದ್ದು ಎರಡು ಪಿನ್ನಿನ ಪ್ಲಗ್. ಅದನ್ನು ತಿರುವಿ ಚುಚ್ಚಿದರೆ ಫೇಸ್, ನ್ಯೂಟ್ರಲ್ ಅದಲುಬದಲು. ಆಗ ಸ್ವಿಚ್ ಕಡಿಯುವುದು ನ್ಯೂಟ್ರಲನ್ನು, ಫೇಸ್ ನೇರವಾಗಿ ಬಳೆಯಲ್ಲೇ ಕೂತಿರುತ್ತದೆ. ಬಲ್ಬ್ ಆರಿದ್ದರೂ ಕರೆಂಟ್ ಇದ್ದೇ ಇದೆ.

ಹಾಗಾಗಿ ಸ್ಕ್ರೂ ಹೋಲ್ಡರ್ ಹಾಕಿದ ಲ್ಯಾಂಪಿಗೆ ಮೂರು ಕೋರಿನ (ಒಳಗೆ ಮೂರು ತಂತಿ ಇರುವ) ವೈರ್, ಮೂರು ಪಿನ್ನಿನ ಪ್ಲಗ್ ಹಾಕಿಸಲೇಬೇಕು. ಅರ್ತಿನ ಹಸಿರು ವೈರನ್ನು ಹಿತ್ತಾಳೆ ಮೈಗೆ ಸ್ಕ್ರೂ ಹಾಕಿ ಬಿಗಿಯಬೇಕು. ಬಣ್ಣ, ಪಾಲಿಶ್ ಇದ್ದರೆ ಆ ಜಾಗವನ್ನು ಮೊದಲು ಉಜ್ಜಿ ತೆಗೆಯಿರಿ. ಸಾಕೆಟ್ಟನ್ನೂ ನಂಬಬೇಡಿ. ಎದುರಿನಿಂದ ನೋಡಿದರೆ ಅರ್ತಿನ ದೊಡ್ಡ ತೂತು ಮೇಲೆ, ಫೇಸ್ ಬಲಕ್ಕೆ, ನ್ಯೂಟ್ರಲ್ ಎಡಕ್ಕೆ ಇರಬೇಕು. ಹಳೇ ಮನೆಗಳಲ್ಲಿ ಇದು ಉಲ್ಟಾ ಇರುವುದುಂಟು, ಟೆಸ್ಟರ್ ಇಟ್ಟು ನೋಡಿ.

ರಿಪೇರಿಯಾಗಿ ಬಂದ ಲ್ಯಾಂಪನ್ನು ಬಳಸುವ ಮೊದಲು ಪ್ಲಗ್ ಕಿತ್ತು, ಬಲ್ಬ್ ತೆಗೆದು, ಮಲ್ಟಿಮೀಟರನ್ನು ಬೀಪ್‌ಗೆ (ಎರಡು ಕಡ್ಡಿಗಳ ನಡುವೆ ದಾರಿ ಕೂಡಿದರೆ ಶಬ್ದ ಮಾಡುವ ಜಾಗಕ್ಕೆ) ಇಡಿ. ಸ್ವಿಚ್ ಆನ್ ಮಾಡಿ ಪ್ಲಗ್ಗಿನ ಫೇಸ್ ಪಿನ್ನಿಗೆ ಒಂದು ಕಡ್ಡಿ, ನಡುವಿನ ನಾಲಿಗೆಗೆ ಇನ್ನೊಂದು. ಶಬ್ದ ಬರಬೇಕು, ಸ್ವಿಚ್ ಆಫ್ ಮಾಡಿದರೆ ನಿಲ್ಲಬೇಕು. ಅರ್ತ್ ಪಿನ್ನಿಗೂ ಲ್ಯಾಂಪಿನ ಮೈಗೂ ಇಟ್ಟಾಗ ಶಬ್ದ ಬರಲೇಬೇಕು. ಫೇಸ್ ಪಿನ್ನಿಗೂ ಮೈಗೂ ಬಂದರೆ ಆ ಲ್ಯಾಂಪ್ ಹಚ್ಚಬೇಡಿ.

ನಿಜ ಹೇಳಬೇಕೆಂದರೆ ಇಲ್ಲಿ ಹೋಲ್ಡರಿನ ಜಾತಿ ಬದಲಿಸುವ ಅಗತ್ಯವೇ ಇರಲಿಲ್ಲ. ಬಲ್ಬಿನ ಕುತ್ತಿಗೆ ಅಳೆದರೆ ಗೊತ್ತಾಗುತ್ತದೆ: ಎರಡು ಪಿನ್, 22 ಮಿ.ಮೀ. ಇದ್ದರೆ ಬಿ22, ಥ್ರೆಡ್ ಇದ್ದು 27 ಮಿ.ಮೀ. ಆದರೆ ಇ27, 14 ಆದರೆ ಇ14. ಬಿ22 ಎಲ್ಲ ಅಂಗಡಿಯಲ್ಲೂ ಸಿಗುತ್ತದೆ. ನಮ್ಮ ಥಂಡಿಗೆ ಹೋಲ್ಡರಿನ ಹಿತ್ತಾಳೆ ಪಿನ್ನು ಕಿಲುಬು ಹಿಡಿದು, ಸ್ಪ್ರಿಂಗ್ ಸೋತು, ಕಿಡಿ ಹಾರಿ ಕಪ್ಪಾಗುತ್ತದೆ. ಪ್ಲಗ್ ಕಿತ್ತಿಟ್ಟು ಮರದ ಕಡ್ಡಿಯಲ್ಲಿ ಪಿನ್ ಒತ್ತಿ. ಚಿಮ್ಮಿ ಮೇಲೆ ಬರದಿದ್ದರೆ ಬದಲಿಸಿ.

ಅಂಗಡಿಗೆ ಹೋಗುವಾಗ ಹಳೇ ಹೋಲ್ಡರಿನ ಜೊತೆ ಅದು ಕೂರುವ ಥ್ರೆಡ್ ಪೈಪನ್ನೂ ಒಯ್ಯಿರಿ. ಸಾಮಾನ್ಯ ಪೈಪ್ 10 ಮಿ.ಮೀ., ಥ್ರೆಡ್ಡಿನ ಅಂತರ 1 ಮಿ.ಮೀ. ಅಮೆರಿಕದಿಂದ ಬಂದ ಲ್ಯಾಂಪಿನದು ನೋಡಲು ಹಾಗೇ ಇದ್ದರೂ ಒಂದು ಅಂಗುಲಕ್ಕೆ 27 ಸುತ್ತು. ಒಂದೆರಡು ಸುತ್ತು ಹತ್ತಿ ಸಿಕ್ಕಿಕೊಳ್ಳುತ್ತದೆ. ಅಲ್ಲಿ ಬಲ ಹಾಕಿ ತಿರುಗಿಸಿದರೆ ಥ್ರೆಡ್ ಹಾಳಾಗಿ ಹೋಲ್ಡರ್ ಅಲ್ಲಾಡುತ್ತದೆ, ಒಳಗೆ ವೈರ್ ತಿರುಚಿ ಸಿಪ್ಪೆ ಸುಲಿದು ಹಿತ್ತಾಳೆಗೆ ತಾಗುತ್ತದೆ.