ಮರಗಸಿಗೆ ಹಳೇ ಹಗ್ಗ: ಮೂರರಲ್ಲಿ ಉಳಿದದ್ದು ಒಂದೇ

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಮೂರೆಳೆಯ ಪಾಲಿಯೆಸ್ಟರ್ ಹಗ್ಗಕ್ಕೆ. ಕಾಫಿ ತೋಟದ ಮರಗಸಿಗೆ, ಅಂದರೆ ನೆರಳು ಮರಗಳ ಕೊಂಬೆ ಕಡಿಯುವುದಕ್ಕೆ, ಹೊಸ ಹಗ್ಗ ಯಾಕೆ ಅಂತ ಈ ಸಲ ಶೆಡ್ಡಿನಲ್ಲಿದ್ದ ಮೂರು ಹಳೇ ಹಗ್ಗ ಹೊರಗೆಳೆದೆ. ಕೊಂಬೆ ಇಳಿಸುವುದಕ್ಕೆ ಮಾತ್ರ. ಮರ ಹತ್ತುವವರ ಸೊಂಟಕ್ಕೆ ಹೊಸದೇ. ಅದರಲ್ಲಿ ಚೌಕಾಸಿ ಇಲ್ಲ.

ಜಾಸ್ತಿ ಆಸೆ ಇದ್ದದ್ದು ಬಂಡೆ ಹತ್ತುವ ಗೆಳೆಯ ಪುಕ್ಕಟೆ ಕೊಟ್ಟ ಹಗ್ಗದ ಮೇಲೆ. ಹಳೆಯದಾಯಿತು ಅಂತ ಅವನು ಬಿಟ್ಟಿದ್ದ. ನೋಡಲು ಚೆಂದ, ಕೈಗೆ ಮೆತ್ತಗೆ. ಹಲಸಿನ ಕೊಂಬೆಗೆ ಕಟ್ಟಿ, ಬುಡಕ್ಕೆ ಎರಡು ಸುತ್ತು ಹಾಕಿ ಹಿಡಿದುಕೊಂಡೆ. ಮೇಲಿಂದ ಕೊಯ್ದರು. ಕೊಂಬೆ ನಿಲ್ಲಬೇಕಾದಲ್ಲಿ ನಿಲ್ಲಲೇ ಇಲ್ಲ. ರಬ್ಬರಿನ ಹಾಗೆ ಜಗ್ಗಿಕೊಂಡು ಇಳಿಯಿತು, ಮತ್ತೆ ಮೇಲೆ ಚಿಮ್ಮಿತು, ಪಕ್ಕದ ಸಿಲ್ವರ್ ಓಕಿಗೆ ಹಬ್ಬಿದ್ದ ಮೆಣಸಿನ ಬಳ್ಳಿಯನ್ನು ಆಳುದ್ದ ಕಿತ್ತುಕೊಂಡೇ ನಿಂತಿತು.

ತಪ್ಪು ಹಗ್ಗದ್ದಲ್ಲ, ನನ್ನದು. ಬಿದ್ದವನ ಬೆನ್ನು ಮುರಿಯದಿರಲಿ ಅಂತಲೇ ಅದನ್ನು ಹಿಗ್ಗುವ ಹಾಗೆ ಮಾಡಿರುತ್ತಾರೆ. 80 ಕಿಲೋ ಸುಮ್ನೆ ತೂಗಿಬಿಟ್ಟರೂ 20 ಮೀಟರಿಗೆ ಹತ್ತಿರಹತ್ತಿರ ಒಂದೂವರೆ ಮೀಟರ್ ಹಿಗ್ಗುತ್ತದೆ. ಬೀಳುವ ಭಾರಕ್ಕೆ ಇನ್ನೂ ಜಾಸ್ತಿ. ಕೆಳಗೆ ಕಾಫಿ ಗಿಡ ಇರುವವರಿಗೆ ಇದು ಆಗುವ ಮಾತಾ?

ಇನ್ನೊಂದು ತಕರಾರು, ಅದರ ತಿರುಳೆಲ್ಲ ಹೆಣೆದ ಹೊದಿಕೆಯ ಒಳಗೆ. ಭಾರ ಹೊರುವುದೇ ಆ ತಿರುಳು, ನೋಡೋಣ ಅಂದರೆ ಕಾಣುವುದೇ ಇಲ್ಲ. ಸಂಜೆ ಕೂತು ಬೆರಳಲ್ಲಿ ಹಿಸುಕುತ್ತಾ ಹೋದೆ. ಒಂದು ಕಡೆ ಮೆತ್ತಗೆ ತಗ್ಗು ಸಿಕ್ಕಿತು. ಈಗ ಅದರ ಮೇಲೆ ಬಟ್ಟೆ ಒಣಗುತ್ತಿದೆ.

ನೀಲಿ ಪ್ಲಾಸ್ಟಿಕ್ ಹಗ್ಗ ಬಿಸಿಲಿಗೆ ಬಿದ್ದದ್ದು. ಉಜ್ಜಿದರೆ ಅಂಗೈಯೆಲ್ಲ ನೀಲಿ ಪುಡಿ. ಮರಕ್ಕೆ ಕಟ್ಟಲೇ ಇಲ್ಲ.

ಪಾಲಿಯೆಸ್ಟರ್ ಹಿಂದೆ ದಿಮ್ಮಿ ಎಳೆಯಲು ತಂದದ್ದು, 16 ಮಿಲಿಮೀಟರ್. ಒರಟು, ಕೊಳಕು. ಆದರೆ ಹುರಿ ಹಿಂದಕ್ಕೆ ತಿರುಚಿದರೆ ಎಳೆ ಬಾಯಿ ಬಿಡುತ್ತದೆ, ಒಳಗೆಲ್ಲ ಕಾಣುತ್ತದೆ. ಮೊಳಮೊಳಕ್ಕೂ ಬಿಚ್ಚಿ ನೋಡಿದೆ. ಒಂದು ಕಡೆ ಎಳೆ ಹೊಳೆಯುತ್ತಾ ಕಡ್ಡಿಯ ಹಾಗೆ ಸೆಟೆದಿತ್ತು, ಯಾವತ್ತೋ ಉಜ್ಜಿ ಕಾವಿಗೆ ಕರಗಿದ್ದು. ಅಲ್ಲಿಗೇ ಕಡಿದೆ. 30 ಮೀಟರಲ್ಲಿ 22 ಉಳಿಯಿತು. ತುಂಡುಗಳನ್ನು ಸೇರಿಸಿ ಕಟ್ಟಲಿಲ್ಲ. ಗಂಟು ಬಿದ್ದಲ್ಲಿ ಹಗ್ಗದ ಬಲ ಅರ್ಧಕ್ಕೂ ಇಳಿಯಬಹುದು, ಸಾಲದ್ದಕ್ಕೆ ಕವಲಲ್ಲಿ ಸಿಕ್ಕಿಕೊಳ್ಳುತ್ತದೆ.

ನನ್ನದು ವರ್ಷಕ್ಕೆ ನಾಲ್ಕು ದಿನದ ಕೆಲಸ. ಹಳೇ ಹಗ್ಗ ಅಂತ ಕೊಂಬೆಯನ್ನು ಚಿಕ್ಕಚಿಕ್ಕ ತುಂಡು ಮಾಡಿಸುತ್ತೇನೆ, ಕೂಲಿ ಅರ್ಧ ದಿನ ಜಾಸ್ತಿ ಆಗುತ್ತದೆ. ದಿನಾ ಇದೇ ಕಸುಬಿನವರಿಗೆ ಈ ಲೆಕ್ಕ ಕೂಡಿಬರಲ್ಲ, ಅವರು ಹೊಸದೇ ತರಲಿ. ಕಡಿದ ತುಂಡಿನ ಕರಗಿದ ತುದಿ ತೆಗೆದು ಕರು ಕಟ್ಟಿದ್ದೇನೆ.