ಮೋಟೆಲ್ ತಿಂಡಿ, ಪ್ಯಾನ್‌ಕೇಕ್ ಚೈನ್, ಹಳೇ ಡೈನರ್: ಮೂರೂ ತಿಂದು ನೋಡಿದೆವು

ನ್ಯೂಜೆರ್ಸಿಯಿಂದ ಪೆನ್ಸಿಲ್ವೇನಿಯಾ ಕಡೆಗೆ ನಾಲ್ಕು ಜನ ಗೆಳೆಯರು ಕಾರಲ್ಲಿ ಹೊರಟಿದ್ದೆವು. ಮೂರು ದಿನ, ಮೂರು ಥರದ ತಿಂಡಿ. ಯಾವುದು ಚೆನ್ನಾಗಿತ್ತು ಅಂತ ಕಾರಲ್ಲಿ ಶುರುವಾದ ಜಗಳ ವಾಟ್ಸಾಪ್ ಗ್ರೂಪಲ್ಲಿ ಇನ್ನೂ ಮುಗಿದಿಲ್ಲ, ಅದಕ್ಕೇ ನನ್ನ ಲೆಕ್ಕ ಇಲ್ಲಿ ಹಾಕುತ್ತಿದ್ದೇನೆ.

ಮೊದಲನೇ ದಿನ ಮೋಟೆಲ್‌ನ ಬಿಟ್ಟಿ ತಿಂಡಿ. ಇರೋದು ಒಂದೇ ಆಕರ್ಷಣೆ, ವಾಫಲ್ (ಚೌಕ ಚೌಕ ಗುಳಿ ಇರುವ ದಪ್ಪ ದೋಸೆಯಂಥದ್ದು) ಮಷೀನ್. ಒಂದು ಲೋಟ ಹಿಟ್ಟು ಸುರಿದು, ಮುಚ್ಚಿ, ಹಿಡಿ ಹಿಡಿದು ತಿರುಗಿಸಿದರೆ ಎರಡು ನಿಮಿಷಕ್ಕೆ ಬೀಪ್ ಅನ್ನುತ್ತದೆ. ಆದರೆ ಕ್ಯೂ. ನಾನು ತಿಂದು ಮುಗಿಸುವಾಗ ಒಬ್ಬ ಇನ್ನೂ ಹಿಟ್ಟು ಸುರಿಯುತ್ತಿದ್ದ, ತಡವಾಗಿ ಎದ್ದ ಮತ್ತೊಬ್ಬನಿಗೆ ಬರೀ ಸೀರಿಯಲ್ ಸಿಕ್ಕಿತು. ದುಡ್ಡು ಕೊಡಬೇಕಿಲ್ಲ, ಅಷ್ಟೇ.

ಎರಡನೇ ದಿನ ಹೆದ್ದಾರಿ ಪಕ್ಕದ ಪ್ಯಾನ್‌ಕೇಕ್ ಚೈನ್. ಯಾವ ಊರಲ್ಲಿ ಹೋದರೂ ಅದೇ ಮೆನು, ಅದೇ ಸೀಟು, ಅದೇ ರುಚಿ. ಬೈಯೋಕೆ ಏನೂ ಇಲ್ಲ, ನೆನಪಿಡೋಕೂ ಏನೂ ಇಲ್ಲ. ಆದರೆ ಸುಳ್ಳು ಯಾಕೆ ಹೇಳಲಿ, ಮೂರರಲ್ಲಿ ಪ್ಯಾನ್‌ಕೇಕ್ ಮೆತ್ತಗೆ, ಬಿಸಿಬಿಸಿಯಾಗಿ ಬಂದಿದ್ದು ಇಲ್ಲಿಯೇ.

ಮೂರನೇ ದಿನ ಡೈನರ್, ಅಂದರೆ ಅಮೆರಿಕದ ಹಳೇ ಥರದ ಸಾದಾ ಹೋಟೆಲ್. ಹೊರಗಿನಿಂದ ನೋಡಿದರೆ ಸ್ಟೀಲ್ ಹೊದಿಸಿದ ರೈಲು ಡಬ್ಬಿ. ಇದು ಶೋಕಿಗೆ ಮಾಡಿದ ಆಕಾರ ಅಂದುಕೊಂಡಿದ್ದೆ, ಅಲ್ಲ. ಹಳೇ ಡೈನರ್‌ಗಳನ್ನು ಕಾರ್ಖಾನೆಯಲ್ಲೇ ಪೂರ್ತಿ ಕಟ್ಟಿ, ಎಳೆದು ತಂದು ಇಡುತ್ತಿದ್ದರು. ರಸ್ತೆಯಲ್ಲೋ ರೈಲಿನಲ್ಲೋ ಸಾಗಿಸಬೇಕಲ್ವಾ, ಅದಕ್ಕೇ ಉದ್ದ ಜಾಸ್ತಿ, ಅಗಲ ಕಡಿಮೆ. ಇಂಥ ಕಾರ್ಖಾನೆಗಳು ನ್ಯೂಜೆರ್ಸಿಯಲ್ಲಿ ತುಂಬಾ ಇದ್ದವು. ಇದರ ಮೂಲ ಇನ್ನೂ ಹಿಂದಿನದು: 1872ರಲ್ಲಿ ರೋಡ್ ಐಲ್ಯಾಂಡ್‌ನ ಪ್ರಾವಿಡೆನ್ಸ್‌ನಲ್ಲಿ ವಾಲ್ಟರ್ ಸ್ಕಾಟ್ ಅನ್ನುವವನು ರಾತ್ರಿ ಪಾಳಿಯವರಿಗೆ ಕುದುರೆ ಗಾಡಿಯಲ್ಲಿ ತಿಂಡಿ ಮಾರುತ್ತಿದ್ದ.

ಒಳಗೆ ಗೋಡೆ ತುಂಬಾ ಹಳೇ ಕಾರುಗಳ ನಂಬರ್ ಪ್ಲೇಟು. ಕೌಂಟರ್ ಮೇಲೆ ಹಿಂದಕ್ಕೆ ಓಡುವ ಗಡಿಯಾರ! ನಾವು ಹೋದಾಗ ಎಂಟೂ ಇಪ್ಪತ್ತು, ಅದರ ಮುಳ್ಳು ಮೂರೂ ನಲವತ್ತರ ಹಾಗೆ ನಿಂತಿತ್ತು. ಎದುರಿನ ಕನ್ನಡಿಯಲ್ಲಿ ನೋಡಿದರೆ ಮಾತ್ರ ಸರಿಯಾದ ಟೈಮು. ನಾಲ್ಕು ಜನಕ್ಕೆ ಒಟ್ಟಿಗೆ ಜಾಗ ಇರಲಿಲ್ಲ. ಇಬ್ಬರು ಬೂತ್‌ಗೆ (ಎದುರುಬದುರು ಸೋಫಾ ಇರುವ ಟೇಬಲ್), ನಾವಿಬ್ಬರು ಕೌಂಟರ್‌ಗೆ. ಬೂತ್‌ನವರಿಗೆ ಮೆತ್ತನೆ ಸೀಟು ಸಿಕ್ಕಿತು, ನಮಗೆ ಸಿನಿಮಾ ಸಿಕ್ಕಿತು. ಅಡುಗೆಯವನು ಒಂದೇ ಕೈಯಲ್ಲಿ ಮೊಟ್ಟೆ ಒಡೆದು, ಇನ್ನೊಂದು ಕೈಯಲ್ಲಿ ಕಾವಲಿ ಮೂಲೆಯ ಆಲೂಗಡ್ಡೆ ಗುಡ್ಡೆಯನ್ನು ಕೆರೆದು ಕೆರೆದು ಮಗುಚುತ್ತಿದ್ದ. ತಳ ಹಿಡಿದು ಕೆಂಪಗಾದ ಆ ಹೋಮ್ ಫ್ರೈಸ್ ಇದೆಯಲ್ಲ, ಅದರ ಮುಂದೆ ಹಿಂದಿನೆರಡು ದಿನದ ತಿಂಡಿ ಸಪ್ಪೆ.

ಆರ್ಡರ್ ಕೊಡೋದೇ ಒಂದು ಪರೀಕ್ಷೆ. ಮೊಟ್ಟೆ ಹೇಗೆ ಬೇಕು, ಟೋಸ್ಟ್ ವೈಟಾ, ವೀಟಾ, ರೈಯಾ, ಒಂದರ ಹಿಂದೆ ಒಂದು ಪ್ರಶ್ನೆ. ನನ್ನ ಗೆಳೆಯ ಗಾಬರಿಯಾಗಿ ಎಲ್ಲದಕ್ಕೂ ಎಸ್ ಅಂದ. ಬಡಿಸುವಾಕೆ ನಕ್ಕು, 'ಓವರ್ ಈಸಿ ಕೊಡ್ತೀನಿ ಹನ್' ಅಂದರು. ಓವರ್ ಈಸಿ ಅಂದರೆ ಮಗುಚಿ ಹಾಕಿ, ಹಳದಿ ಗಟ್ಟಿಯಾಗದ ಹಾಗೆ ಬೇಯಿಸಿದ ಮೊಟ್ಟೆ. ಹನ್ ಅಂದರೆ ನಮ್ಮಲ್ಲಿ 'ಪುಟ್ಟಾ' ಅನ್ನೋ ಹಾಗೆ, ನಲವತ್ತು ದಾಟಿದವನಿಗೂ. ಕಾಫಿ ತೆಳ್ಳಗೆ, ಫಿಲ್ಟರ್ ಕಾಫಿಯವರಿಗೆ ನೀರು ಅನ್ನಿಸುತ್ತದೆ, ಆದರೆ ಕಪ್ ಅರ್ಧ ಖಾಲಿಯಾಗುವ ಮುಂಚೆ ಮತ್ತೆ ತುಂಬಿರುತ್ತದೆ.

ಪ್ಯಾನ್‌ಕೇಕ್ ಮಾತ್ರ ದಪ್ಪ, ಒಣ. ಅಸಲಿ ಮೇಪಲ್ ಸಿರಪ್‌ಗೆ ಬೇರೆ ದುಡ್ಡು.

ಸಸ್ಯಾಹಾರಿಗಳು ಒಂದು ಗಮನಿಸಿ: ಬೇಕನ್, ಮೊಟ್ಟೆ, ಆಲೂಗಡ್ಡೆ ಎಲ್ಲ ಒಂದೇ ಕಾವಲಿಯಲ್ಲಿ ಮಾಡುವ ಡೈನರ್‌ಗಳೇ ಜಾಸ್ತಿ, ಕೇಳದೆ ತಿನ್ನಬೇಡಿ. ಪೆನ್ಸಿಲ್ವೇನಿಯಾ ಕಡೆ ಸ್ಕ್ರ್ಯಾಪಲ್ ಅಂತ ಕಂದು ಬಣ್ಣದ ಬಿಲ್ಲೆ ಕೊಡುತ್ತಾರೆ, ಅದು ಹಂದಿಮಾಂಸ ಮತ್ತು ಮೆಕ್ಕೆಜೋಳದ ಹಿಟ್ಟು. ನಮ್ಮ ಗುಂಪಿನ ಅಪ್ಪಟ ಸಸ್ಯಾಹಾರಿ ಟೋಸ್ಟು, ಜಾಮು ತಿಂದು ಎದ್ದ. ಅವನ ಓಟು ಈಗಲೂ ವಾಫಲ್ ಮಷೀನ್‌ಗೇ.

ಬಿಲ್ 58 ಡಾಲರ್. ಟಿಪ್ 12 ಡಾಲರ್ ಟೇಬಲ್ ಮೇಲಿಟ್ಟು, ಬಿಲ್ಲನ್ನು ಬಾಗಿಲ ಪಕ್ಕದ ಗಲ್ಲಾದಲ್ಲಿ ಕಟ್ಟಿದೆವು. ನನ್ನ ಓಟು ಡೈನರ್‌ಗೆ. ಹೋದರೆ ಎಂಟರ ಒಳಗೆ ಹೋಗಿ ಕೌಂಟರ್ ಸೀಟು ಹಿಡಿಯಿರಿ, ಪ್ಯಾನ್‌ಕೇಕ್ ಬಿಟ್ಟು ಬೇರೇನಾದರೂ ಹೇಳಿ.